ಓಬಳೇಶನಿಗೆ ಮಣ್ಣು

ಪಾರಮ್ಮ ಹುಟ್ಟಿದ್ದು ಕುರುಗೋಡಿನಲ್ಲಿ. ಕೆಂಚನಗುಡ್ಡಕ್ಕೆ ಸೊಸೆಯಾಗಿ ಬಂದು, ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಕಾಲುವೆ ಕೆಳಗಿನ ಭತ್ತದ ಗದ್ದೆಗಳಲ್ಲಿ ನಾಟಿ, ಕಳೆ ಎನ್ನುತ್ತ ಒಬ್ಬನೇ ಮಗ ಓಬಳೇಶನನ್ನು ಸಾಕಿದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಅವನು ಗೆಳೆಯ ಅಯ್ಯಣ್ಣನ ಜೊತೆ ಮದರಾಸಿಗೆ ಹೋಗಿ, ಹಡಗಿನ ಒಲೆಗೆ ಕಲ್ಲಿದ್ದಲು ಹಾಕುವ ಕೆಲಸಕ್ಕೆ ಸೇರಿದ. ಯುದ್ಧ ಮುಗಿದ ಮೇಲೂ ಇಬ್ಬರೂ ಊರಿಗೆ ತಿರುಗಿ ಬರಲಿಲ್ಲ.

ಸಾವಿರದ ಒಂಬೈನೂರ ಐವತ್ತರ ಬೇಸಿಗೆಯಲ್ಲಿ ಅಯ್ಯಣ್ಣ ಒಬ್ಬನೇ ಬಂದ. ದಕ್ಷಿಣದ ಮಂಜಿನ ಸಮುದ್ರದಲ್ಲಿ ಓಬಳೇಶ ಜ್ವರ ಬಂದು ತೀರಿಕೊಂಡ, ದಪ್ಪ ಬಟ್ಟೆಯಲ್ಲಿ ಸುತ್ತಿ ನೀರಿಗೆ ಬಿಟ್ಟರು ಎಂದ.

"ಮಣ್ಣು ಯಾರು ಕೊಟ್ರೋ ಅವಗ?"

"ಅಲ್ಲಿ ಮಣ್ಣೆಲ್ಲಿಂದ ತರಾದು, ಯವ್ವಾ?"

"ದಿಕ್ಕಿಲ್ಲದವನಂಗ ಬಿಟ್ಟು ಬಂದೀಯಲ್ಲೋ! ನನ್ನ ಕಣ್ಣಿಗೆ ಬೀಳಬ್ಯಾಡ, ಹೋಗು."

ಅಯ್ಯಣ್ಣ ತಲೆ ತಗ್ಗಿಸಿಕೊಂಡು ಬಳ್ಳಾರಿಗೆ ಹೋದ. ಸತ್ತವನಿಗೆ ದಿನ ಮಾಡು ಎಂದು ನಾದಿನಿ ಗಾದೆಮ್ಮ ಎಷ್ಟು ಹೇಳಿದರೂ ಪಾರಮ್ಮ ಕೇಳಲಿಲ್ಲ. ಮಗ ಇನ್ನೂ ನೀರಿನಲ್ಲಿ ತೇಲುತ್ತಲೇ ಇದ್ದಾನೆ ಎಂದೇ ಅವಳಿಗೆ ಅನಿಸುತ್ತಿತ್ತು.

ಮಳೆಗಾಲ ಕಳೆದ ಮೇಲೆ ತಾನೇ ಬಳ್ಳಾರಿಗೆ ಹೋದಳು. ಗಾಂಧಿನಗರದ ಸೈಕಲ್ ಅಂಗಡಿಯೊಂದರಲ್ಲಿ ಪಂಕ್ಚರ್ ಹಾಕುತ್ತ ಕುಳಿತಿದ್ದ ಅಯ್ಯಣ್ಣನ ಎದುರು ನಿಂತು ಕೇಳಿದಳು:

"ಆ ನೀರಿನ ತಳದಾಗ ಏನೈತಿ? ನೀ ಕಂಡೀಯೇನು?"

"ಕಂಡೀನಿ ಯವ್ವಾ. ಸಮುದ್ರದ ತಳ ಪರೀಕ್ಷಾ ಮಾಡಾಕ ನಮ್ಮ ಹಡಗಿನಾಗ ಬಂದಿದ್ದ ಸಾಹೇಬ್ರು ಕಬ್ಬಿಣದ ಕೊಳವಿ ಇಳಿಬಿಟ್ಟು ಮ್ಯಾಲ ಎಳೀತಿದ್ರು. ಅದರ ತುಂಬ ಮಣ್ಣು, ಬೂದಿ ಬಣ್ಣದ್ದು. ಅಲ್ಲಿ ನೆಲದ ಮ್ಯಾಲ ಮಂಜುಗಡ್ಡಿ ಗುಡ್ಡದಂಗ ಕುಂತೈತಿ. ಸಾವಕಾಶ ಸಮುದ್ರಕ್ಕ ಜಾರ್ತೈತಿ. ಜಾರುವಾಗ ಕೆಳಗಿನ ಬಂಡಿಗಲ್ಲು ಬೀಸೋಕಲ್ಲಿನಾಗ ಹಾಕಿದಂಗ ಹಿಟ್ಟಾಗ್ತೈತಿ. ಆ ಹಿಟ್ಟು, ಕಲ್ಲು ಎಲ್ಲಾ ಹೊತ್ಕೊಂಡು ಗಡ್ಡಿ ಒಡದು ನೀರಾಗ ತೇಲ್ತೈತಿ, ಕರಗಿದಂಗೆಲ್ಲಾ ತಳಕ್ಕ ಉದುರಸ್ತೈತಿ. ಕಣ್ಣಿಗೆ ಕಾಣದ ಜೀವದ ಚಿಪ್ಪೂ ಅದರಾಗ ಕೂಡ್ತಾವು. ದಂಡಿ ಹತ್ರ ನೆಲ ಜಗಲಿಯಂಗ ನೀರೊಳಗ ಚಾಚೈತಿ. ಅದರ ಮ್ಯಾಲ ಈ ಮಣ್ಣು ಪದರ ಪದರ ಕುಂತೈತಿ."

"ನನ್ನ ಮಗನ್ನ ಬಿಟ್ಟಿದ್ದು ಅಲ್ಲೇ ಏನು?"

"ಅಲ್ಲೇ ಯವ್ವಾ."

"ಈಗ್ಲೂ ಉದುರ್ತೈತೇನು?"

"ಉದುರ್ತೈತಿ. ಭಾಳ ಸಾವಕಾಶ."

"ಹಂಗಾದ್ರ ಆ ಮಣ್ಣು ಅವನ್ನ ಮುಚ್ಚಾಕ ಎಷ್ಟು ದಿನ ಬೇಕು?"

ಸುಳ್ಳು ಹೇಳಿದ್ದರೆ ಆ ತಾಯಿ ನಂಬುತ್ತಿದ್ದಳು. ಆದರೆ ಅಯ್ಯಣ್ಣನಿಗೆ ಸುಳ್ಳು ಹೇಳಲು ಮನಸ್ಸಾಗಲಿಲ್ಲ.

"ನಮ್ಮ ಜನ್ಮ ಸಾಲಂಗಿಲ್ಲ ಯವ್ವಾ" ಎಂದವನು ಮುಖ ಮುಚ್ಚಿಕೊಂಡು ಅತ್ತ. ಪಾರಮ್ಮ ಅವನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದು ಬೀದಿಯಲ್ಲೇ ನಿಂತಳು. ಗಿರಾಕಿಗಳು ಬಂದು ನೋಡಿ ಸುಮ್ಮನೆ ಹೋದರು.

ಊರಿಗೆ ಬಂದವಳೇ ದಿನ ಮಾಡಿದಳು. ಹೊಳೆ ದಂಡೆಯಲ್ಲಿ ಒಂದು ಹಿಡಿ ಮಣ್ಣು ಎತ್ತಿ ನೀರಿಗೆ ಬಿಟ್ಟಾಗ ಗಾದೆಮ್ಮ, "ಅಲ್ಲೀಗಂಟ ಮುಟ್ಟತೈತೇನವ್ವಾ ಇದು?" ಎಂದಳು.

"ಮುಟ್ಟಂಗಿಲ್ಲ. ಗೊತ್ತೈತಿ."

ಮುಂದಿನ ಯುಗಾದಿಗೆ ಅಯ್ಯಣ್ಣನನ್ನು ಅವಳೇ ಕರೆಸಿಕೊಂಡಳು. ಆಮೇಲೆ ಅವನು ಪ್ರತಿ ಹಬ್ಬಕ್ಕೂ ಬಂದು ಅವಳ ಮನೆಯಲ್ಲಿ ಉಂಡು ಹೋಗುತ್ತಿದ್ದ. ಬೆಳೆ, ಮಳೆ, ಊರಿನ ಸುದ್ದಿ ಎಲ್ಲ ಮಾತಾಡುತ್ತಿದ್ದರು. ಓಬಳೇಶನ ಹೆಸರನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.