ಕೊಸರು ಬೇರೆ, ತೂಕ ಬೇರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ತರಕಾರಿ ಮಾರುಕಟ್ಟೆಯಲ್ಲಿ ಮೂಟೆಗಳು ದೊಪ್ಪೆಂದು ಇಳಿಯುತ್ತಿವೆ. ಈರುಳ್ಳಿ ಅಂಗಡಿಯ ಮುಂದೆ ಒಬ್ಬ ಹೆಂಗಸು ಮರದ ಪೆಟ್ಟಿಗೆ ತೆರೆದು, ಮಗಳ ಹಳೆಯ ಫ್ರಾಕಿನ ಬಟ್ಟೆಯಲ್ಲಿ ಸುತ್ತಿದ ಹಿತ್ತಾಳೆಯ ತೂಕದ ಕಲ್ಲನ್ನು ಕೂಸನ್ನೆತ್ತುವ ಹಾಗೆ ಎತ್ತಿ ತಕ್ಕಡಿಯಲ್ಲಿ ಇಡುತ್ತಾರೆ. ಬರಿಗೈ ತಾಗಿಸುವುದಿಲ್ಲ. ಬೆವರಿಗೂ ತೂಕವಿದೆ. ಇನ್ನೊಂದು ತಟ್ಟೆಯಲ್ಲಿ ಅಂಗಡಿಯವನ ಕಬ್ಬಿಣದ ಕಲ್ಲು. ಮುಳ್ಳು ಅತ್ತಿತ್ತ ತೂಗಿ ನಡುವೆ ನಿಲ್ಲುತ್ತದೆ.

"ಪಾಸಾ ತಕ್ಕಡಿಯಮ್ಮ? ನನ್ನ ಹೆಂಡ್ತಿ ಮುಂದೂ ಇಷ್ಟು ಹೆದರಲ್ಲ ನಾನು" ಎನ್ನುತ್ತಾನೆ ಅಂಗಡಿಯವನು.

ತಕ್ಕಡಿಯಮ್ಮ ಎಂಬುದು ಮಾರುಕಟ್ಟೆ ಇಟ್ಟ ಹೆಸರು. ತೂಕ ಮತ್ತು ಅಳತೆ ಇಲಾಖೆಯ ಈ ನಿರೀಕ್ಷಕಿ ಮಗಳು ಹುಟ್ಟುವ ಮೊದಲಿನಿಂದ ಈ ಪೆಟ್ಟಿಗೆ ಹೊತ್ತವರು. ಮಗಳೀಗ ಕಾಲೇಜಿಗೆ ಹೋಗುತ್ತಾಳೆ, ಅಮ್ಮನ ಬಲಭುಜ ಒಂದಿಷ್ಟು ಇಳಿದಿದೆ. ಬೆಳಿಗ್ಗೆ ಹೊರಡುವ ಮುನ್ನ ಒಲೆಯ ಬಳಿಯೇ ನಿಂತು ಆಳುವವರಿಗಾಗಿ, ಮಾರುವವರಿಗಾಗಿ, ಕೊಳ್ಳುವವರಿಗಾಗಿ ಯೇಸುವಿನ ಹೆಸರಲ್ಲಿ ಪ್ರಾರ್ಥಿಸುತ್ತಾರೆ. ಅಂಗಡಿಯಲ್ಲಿ ಮಾತ್ರ ಆ ಮಾತೆತ್ತುವುದಿಲ್ಲ. "ಯಾರು ಯಾವ ದೇವರಿಗೆ ಕೈ ಮುಗೀತಾರೆ ಅಂತ ತಕ್ಕಡಿ ಕೇಳಲ್ಲ. ನಾನ್ಯಾಕೆ ಕೇಳಲಿ?"

ಕಳೆದ ಚಳಿಗಾಲದಲ್ಲಿ ಅವರು ಹಿಡಿದದ್ದು ಸ್ವಂತ ಅಕ್ಕನ ಗಂಡನ ಕಲ್ಲನ್ನು. ತೂಕ ಸರಿಹೊಂದಿಸಲು ಅದರ ಅಡಿಯಲ್ಲಿ ತುಂಬಿದ್ದ ಸೀಸ ಯಾವಾಗಲೋ ಉದುರಿ ಕಲ್ಲು ಹಗುರಾಗಿತ್ತು. ಭಾವನಿಗೆ ಅದು ಗೊತ್ತಿತ್ತು. ಕಲ್ಲು ಬದಲಿಸುವ ಬದಲು ಪ್ರತಿ ತೂಕದ ಮೇಲೆ ಧಾರಾಳವಾಗಿ ಕೊಸರು ಹಾಕುತ್ತಿದ್ದರು, ಲೆಕ್ಕ ಸರಿಹೋಯಿತೆಂದೇ ನಂಬಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಕೊಸರು ಸಿಗುತ್ತಿದ್ದದ್ದು ನಗುನಗುತ್ತಾ ಮಾತಾಡಿಸುವವರಿಗೆ. ಬಾಯಿಲ್ಲದ ಮುದುಕಿಯರು ಕಡಿಮೆ ತೂಕವನ್ನೇ ಒಯ್ಯುತ್ತಿದ್ದರು.

"ಕೊಸರು ನಿಮ್ಮ ಪ್ರೀತಿ, ಭಾವ. ಯಾರಿಗಾದ್ರೂ ಕೊಡಿ. ತೂಕ ಅವರ ಹಕ್ಕು" ಎಂದು ಕಲ್ಲನ್ನು ಜಪ್ತಿ ಮಾಡಿದರು. ದಂಡ ಹಾಕುವುದನ್ನು, ನೆಂಟರೆಂಬ ಕಾರಣ ಹೇಳಿ, ಮೇಲಧಿಕಾರಿಗೇ ಬಿಟ್ಟರು.

ಅಂದಿನಿಂದ ಅಕ್ಕ ಮಾತು ಬಿಟ್ಟರು. ತಾಯಿ ತೀರಿದ ಮೇಲೆ ಜಡೆ ಹೆಣೆದು, ಮದುವೆ ಮಾಡಿ, ಬಾಣಂತನ ಮಾಡಿದ ಅಕ್ಕ ಈಗ ಚರ್ಚಿನಲ್ಲಿ ಬೇರೆ ಬೆಂಚಿನಲ್ಲಿ ಕೂರುತ್ತಾರೆ. ಮನೆಯ ವಿಷಯ, ಚರ್ಚಿನ ಸಭೆಯಲ್ಲೇ ಕ್ಷಮಿಸಿ ಮುಗಿಸಬಹುದಿತ್ತಲ್ಲ ಎಂದು ಪಾದ್ರಿಗಳೂ ಕೇಳಿದರಂತೆ.

"ನಾನು ಅವತ್ತೇ ಕ್ಷಮಿಸಿದೆ ಅಯ್ಯನವರೇ. ಆದ್ರೆ ಆ ಮುದುಕಿಯರ ಪರವಾಗಿ ಕ್ಷಮಿಸೋಕೆ ನಾನ್ಯಾರು? ದೇವರು ಸರ್ಕಾರಕ್ಕೆ ಕೊಟ್ಟಿರೋದು ಚಿಕ್ಕ ಕೆಲಸ. ಯಾರಿಗೂ ಮೋಸ ಆಗದ ಹಾಗೆ ನೋಡ್ಕೋಬೇಕು, ಅಷ್ಟೇ. ಮನಸ್ಸು ತಿದ್ದೋದು ನಿಮಗೆ ಬಿಟ್ಟಿದ್ದು." ಹೇಳಿದ್ದೇನೋ ಹೇಳಿದರು, ಮನೆಗೆ ಬಂದು ಪಾತ್ರೆ ತೊಳೆಯುತ್ತಾ ಅತ್ತರು.

ಇಂದು ಭಾವನ ಅಂಗಡಿಗೆ ಹೊಸ ಕಲ್ಲು ಬಂದಿದೆ, ಮುದ್ರೆ ಹಾಕಬೇಕು. ಅಕ್ಕ ಬೆನ್ನು ತಿರುಗಿಸಿ ಟೊಮೆಟೊ ಜೋಡಿಸುತ್ತಿದ್ದಾರೆ. "ಸರಿಯಾಗಿ ನೋಡಮ್ಮ" ಎನ್ನುವ ಭಾವನ ದನಿ ಮೆತ್ತಗಿದೆ. ಮುಳ್ಳು ನಡುವೆ ನಿಲ್ಲುತ್ತದೆ. ಮುದ್ರೆ ಬೀಳುತ್ತದೆ.

ತಿರುಗದೆಯೇ ಅಕ್ಕ ಒಂದು ಲೋಟ ಚಹಾ ಈಚೆಗೆ ಸರಿಸುತ್ತಾರೆ. "ಕುಡಿ. ಆರಿಹೋಗುತ್ತೆ."

ತಕ್ಕಡಿಯಮ್ಮನ ಕೈ ಮುಂದೆ ಹೋಗಿ ನಿಲ್ಲುತ್ತದೆ. ತಪಾಸಣೆಗೆ ಹೋದ ಅಂಗಡಿಯಲ್ಲಿ ಅವರು ನೀರೂ ಮುಟ್ಟಿದವರಲ್ಲ. "ಇಲ್ಲಿ ಬೇಡ ಅಕ್ಕ. ಸಂಜೆ ಮನೆಗೆ ಬರ್ತೀನಿ" ಎನ್ನುತ್ತಾ ಹಿತ್ತಾಳೆಯ ಕಲ್ಲನ್ನು ಬಟ್ಟೆಯಲ್ಲಿ ಸುತ್ತುತ್ತಾರೆ.

ಅಕ್ಕ ಈಗ ತಿರುಗುತ್ತಾರೆ. ತಂಗಿಯ ಇಳಿದ ಭುಜವನ್ನೇ ಒಂದು ಗಳಿಗೆ ನೋಡುತ್ತಾರೆ. "ಬಾ. ಬರುವಾಗ ನಿನ್ನ ಸರ್ಕಾರವನ್ನ ಆಫೀಸಲ್ಲೇ ಬಿಟ್ಟು ಬಾ."

ಪೆಟ್ಟಿಗೆ ಹೊತ್ತು ಮುಂದಿನ ಅಂಗಡಿಗೆ ನಡೆಯುತ್ತಾ ತಕ್ಕಡಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ.

"ಅಕ್ಕ ಹೇಳಿದ್ದು ಸರಿನೇ" ಎಂದು ತಮ್ಮಷ್ಟಕ್ಕೇ ನಗುತ್ತಾರೆ. "ಅವಳ ಅಡುಗೆಮನೇಲಿ ಸರ್ಕಾರಕ್ಕೇನು ಕೆಲಸ?"