ಅತ್ತಿಗೆಯ ಟೇಪು ಮತ್ತು ಮೂರು ಮೈಕುಗಳು

ಅತ್ತಿಗೆಯ ಕೊರಳನ್ನು ಅಳತೆ ಟೇಪಿಲ್ಲದೆ ಕಂಡವರು ನಮ್ಮ ಬೀದಿಯಲ್ಲಿ ಇನ್ನೂ ಹುಟ್ಟಿಲ್ಲ. ಫ್ರಿಜ್ಜು ಕೊಳ್ಳುವ ಮೊದಲು ಬಾಗಿಲಷ್ಟೇ ಅಲ್ಲ, ಅದನ್ನು ಹೊತ್ತು ತರುವ ಇಬ್ಬರ ಭುಜವನ್ನೂ ಅಳೆದ ಮಹಾತಾಯಿ ಇವರು. ಆ ಟೇಪಿನ ಅಳತೆಗೆ ಸಿಗದೆ ಉಳಿದದ್ದು ಅಣ್ಣನ ಗೊರಕೆಯೊಂದೇ.

ಇಂಥ ಅತ್ತಿಗೆ ಕಳೆದ ತಿಂಗಳು ಮೈಕಿನ ಮೇಲೆ ದಂಡೆತ್ತಿ ಹೊರಟರು. ಇಪ್ಪತ್ತು ವರ್ಷ ನಡೆಸಿದ ಹೊಲಿಗೆ ತರಗತಿ ಮುಚ್ಚಿದ ಮೇಲೆ, ಪಾಠಗಳನ್ನು ಪಾಡ್‌ಕಾಸ್ಟ್ ಮಾಡಿ ಹಳೆಯ ಶಿಷ್ಯೆಯರಿಗೆ ಕಳಿಸತೊಡಗಿದ್ದರು. ಹೊಲಿಯುವವಳ ಕಣ್ಣಿಗೂ ಕೈಗೂ ಪುರಸೊತ್ತಿಲ್ಲ. ಬಿಡುವಾಗಿರುವುದು ಕಿವಿ ಮಾತ್ರ. ಆದರೆ ಫೋನಿನಲ್ಲಿ ಮಾಡಿದ ಮೊದಲ ಪಾಠದಲ್ಲೇ ಪಕ್ಕದ ತಗಡಿನ ಅಂಗಡಿಯ ಸುತ್ತಿಗೆ ಸದ್ದು ತೋಳಿನ ಅಳತೆಯನ್ನು ನುಂಗಿಹಾಕಿತು. ಒಬ್ಬಳು ಅಂದಾಜಿನ ಮೇಲೆ ಕತ್ತರಿ ಆಡಿಸಿ, ಗಿರಾಕಿಯ ಅಂಗಿ ಕೆಡಿಸಿಕೊಂಡು ಅಳುತ್ತ ಫೋನ್ ಮಾಡಿದಳು.

"ನನ್ನ ಪಾಠ ಕೇಳಿ ಇನ್ನೊಂದು ಬಟ್ಟೆ ಹಾಳಾದ್ರೆ, ಪಾಠ ಹೇಳೋದೇ ಬಿಟ್ಟೆ," ಎಂದು ಅತ್ತಿಗೆ ಪಣ ತೊಟ್ಟರು.

ಸೇನಾಪತಿಯಾಗಿ ನಾನೂ ಹೊರಟೆ. ಮೂರು ದಿನ ಇಂಟರ್ನೆಟ್ಟಿನಲ್ಲಿ ಮೈಕಿನ ವಿದ್ಯೆ ಕಲಿತಿದ್ದರಿಂದ ದಾರಿಯುದ್ದಕ್ಕೂ ನನ್ನ ಬಾಯಿಗೆ ಬಿಡುವಿರಲಿಲ್ಲ. ಮೈಕಿನ ಅಂಗಡಿಯ ಹುಡುಗ ನನ್ನನ್ನೂ ಮೀರಿಸಿದ. ಹೊಳೆಯುವ ಮೈಕೊಂದನ್ನು ತೆಗೆದು, "ಇದು ಇರುವೆ ನಡೆದ್ರೂ ಹಿಡಿಯುತ್ತೆ ಅಮ್ಮಾ," ಎಂದ.

"ಇರುವೆ ಕಟ್ಕೊಂಡು ನನಗೇನಾಗ್ಬೇಕು? ನನ್ನ ಬಾಯಿ ಬಿಟ್ಟು ಬೇರೆಲ್ಲದಕ್ಕೂ ಕಿವುಡಾಗಿರೋ ಮೈಕು ಬೇಕು. ಮೂರು ಥರದ್ದು ಕೊಡು, ಮನೇಲಿ ಟ್ರಯಲ್ ನೋಡ್ತೀನಿ."

"ಮೈಕಿಗೆ ಟ್ರಯಲ್ಲಾ? ಇದೇನು ಅಂಗೀನಾ ಅಮ್ಮಾ?"

ಅತ್ತಿಗೆ ಅವನ ಕಾಲು ನೋಡಿದರು. "ನಿನ್ನ ಪ್ಯಾಂಟು ಎಡಗಡೆ ಅರ್ಧ ಇಂಚು ಉದ್ದ. ಟ್ರಯಲ್ ನೋಡಿರ್ಲಿಲ್ಲ, ಅಲ್ವಾ?"

ಅವನು ಬಗ್ಗಿ ನೋಡಿಕೊಂಡ. ಮೂರೂ ಮೈಕು ತೆಪ್ಪಗೆ ಚೀಲ ಸೇರಿದವು. ಸದ್ದು ಹೀರುವ ಸ್ಪಂಜಿನ ಹಲಗೆಗಳು ಮಾತ್ರ ಬೇಡವಾದವು. ಗಿರಾಕಿಗಳು ಒಯ್ಯದೆ ಬಿಟ್ಟ ಕೋಟುಗಳು ಹೊಲಿಗೆ ಕೋಣೆಯ ಗೋಡೆ ತುಂಬ ನೇತಾಡುತ್ತಿದ್ದವಲ್ಲ! ಉಸಿರಿನ ಬುಸುಬುಸು ತಡೆಯಲು ಕಸೂತಿಯ ಬಳೆಗೆ ತೆಳು ಬಟ್ಟೆ ಬಿಗಿದು ಮೈಕಿನ ಮುಂದೆ ನಿಲ್ಲಿಸಿದರು.

ಮರುದಿನ ಸುತ್ತಿಗೆ ರಣಭೇರಿ ಬಾರಿಸುವ ಹೊತ್ತನ್ನೇ ಕಾದು ಕೂತು, ತುಟಿಯಿಂದ ಮೈಕಿಗೆ ಮೂರು ಇಂಚು ಟೇಪಿನಲ್ಲಿ ಅಳೆದು, ಅದೇ ತೋಳಿನ ಪಾಠವನ್ನು ಒಂದೊಂದು ಮೈಕಿಗೂ ಹೇಳಿದರು. ನಾನು ಬಾಗಿಲಲ್ಲಿ ನಿಂತು ಸಲಹೆ ಕೊಡುತ್ತಲೇ ಇದ್ದೆ. ಕೊನೆಗೆ, ನೋಡಲು ಪೆದ್ದುಪೆದ್ದಾಗಿದ್ದ ದಪ್ಪ ಮೈಕನ್ನು ಇಟ್ಟುಕೊಂಡು ಉಳಿದೆರಡನ್ನು ಮರಳಿಸಿದರು. ಆ ಪಾಠ ಅಂಗಿ ಕೆಡಿಸಿಕೊಂಡವಳಿಗೇ ಮೊದಲು ಹೋಯಿತು. ಸಂಜೆ ಅವಳಿಂದ ಫೋಟೋ ಬಂತು: ಹೊಸ ಅಂಗಿಯ ತೋಳು ಒಂದು ಸುಕ್ಕಿಲ್ಲದೆ ಕೂತಿತ್ತು.

ನನಗೆ ತಡೆಯಲಾಗಲಿಲ್ಲ. "ಸುತ್ತಿಗೆ ಸದ್ದು ಮೂರರಲ್ಲೂ ಅಡಗಿತ್ತಲ್ಲ ಅತ್ತಿಗೆ, ಇದೇ ಸರಿ ಅಂತ ಹೇಗೆ ಕಂಡುಹಿಡಿದ್ರಿ? ಏನು ಗುಟ್ಟು?"

ಅತ್ತಿಗೆ ದಾರವನ್ನು ಹಲ್ಲಿನಲ್ಲಿ ಕಡಿದರು.

"ಉಳಿದೆರಡರಲ್ಲಿ ನಿನ್ನ ಮಾತು ಕೇಳಿಸ್ತಿತ್ತು."