ಓದದೆ ಹಾಕಿದ ಸಹಿ

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಮುಂಬಯಿಯ ಅಂಧೇರಿ ಪೂರ್ವದ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನ ಮೂರನೆಯ ಮಹಡಿಯಲ್ಲಿ ನಮ್ಮ ಕಂಪನಿ ಇತ್ತು. ಇಪ್ಪತ್ತು ಚಿಲ್ಲರೆ ಪ್ರೋಗ್ರಾಮರ್‌ಗಳು, ಒಂದು ಮೋಡೆಮ್. ಪತ್ರಿಕೆಯೊಂದರ ಡೆಸ್ಕ್ ಬಿಟ್ಟು ಅಲ್ಲಿಗೆ ಸೇರಿದ ನನಗೆ ಪ್ರೋಗ್ರಾಮುಗಳ ಕೈಪಿಡಿ ಬರೆಯುವ ಕೆಲಸ. ಇಂಗ್ಲಿಷ್ ತಿದ್ದಬಲ್ಲವನೆಂದು ಮೋಡೆಮಿನ ಉಸ್ತುವಾರಿಯನ್ನೂ ನನಗೇ ವಹಿಸಿದ್ದರು.

ದಿನಕ್ಕೊಮ್ಮೆ, ಸಂಜೆ ಐದಕ್ಕೆ, ಅದು ಫೋನ್ ಲೈನಿನಲ್ಲಿ ನಗರದ ಇನ್ನೊಂದು ಕಂಪ್ಯೂಟರಿಗೆ ಡಯಲ್ ಮಾಡುತ್ತಿತ್ತು. ನಮ್ಮ ಪತ್ರಗಳು ಆಚೆ ಹೋಗುತ್ತಿದ್ದವು. ಹೊರಗಿನ ಪ್ರೋಗ್ರಾಮರ್‌ಗಳು ಚರ್ಚಾ ಗುಂಪುಗಳಲ್ಲಿ ಬರೆದದ್ದು ಒಳಗೆ ಬರುತ್ತಿತ್ತು. ನಾನು ಅದನ್ನು ಪ್ರಿಂಟ್ ತೆಗೆದು, ಫೈಲು ಮಾಡಿ, ಟೇಬಲಿನಿಂದ ಟೇಬಲಿಗೆ ಕಳಿಸುತ್ತಿದ್ದೆ. ಡಬ್ಬಿ ಬಿಚ್ಚಿ ಊಟ ಮಾಡುತ್ತಲೇ ಓದುವವರಿದ್ದರು. ವಾರಗಟ್ಟಲೆ ಬಿಡಿಸಲಾಗದ ತೊಡಕಿಗೆ ಎಲ್ಲೋ ಕೂತ ಅಪರಿಚಿತರು ಮೂರು ಸಾಲಿನಲ್ಲಿ ಪರಿಹಾರ ಬರೆದಿರುತ್ತಿದ್ದರು.

ನಾವು ಪ್ರಶ್ನೆ ಕಳಿಸಬೇಕಾದರೆ ಒಂದು ನಿಯಮವಿತ್ತು. ಹೊರಗೆ ಹೋಗುವ ಬರಹವನ್ನು ಮೊದಲು ಕಾಗದದ ಮೇಲೆ ತೆಗೆಯಬೇಕು. ಬೇರೊಬ್ಬರು ಅದನ್ನು ಪೂರ್ತಿ ಓದಿ ಸಹಿ ಹಾಕಬೇಕು. ಕ್ಲೈಂಟುಗಳ ಗುಟ್ಟು ಹೊರಬೀಳದಿರಲೆಂದು ಈ ಏರ್ಪಾಡು. ಸಾಮಾನ್ಯವಾಗಿ ಸಹಿ ನನ್ನದೇ. ನಾನು ಮೇಲಿನ ಪ್ರಶ್ನೆಯ ಇಂಗ್ಲಿಷ್ ತಿದ್ದುತ್ತಿದ್ದೆ. ಅದರ ಕೆಳಗಿನ ಕೋಡನ್ನು ನೋಡುತ್ತಿರಲಿಲ್ಲ. ಅದು ನನಗೆ ಅರ್ಥವಾಗುತ್ತಲೂ ಇರಲಿಲ್ಲ, ಐದು ಗಂಟೆಯೂ ಹತ್ತಿರವಾಗಿರುತ್ತಿತ್ತು.

ಆಗ ತರಬೇತಿಯಲ್ಲಿದ್ದ ಒಬ್ಬ ಹುಡುಗಿ ನನ್ನ ಎದುರಿನ ಟೇಬಲಿನಲ್ಲಿದ್ದರು. ವಿಜಾಪುರದ ಕಡೆಯ ಕುಟುಂಬ, ಬೆಳೆದದ್ದು ಆಂಟಾಪ್ ಹಿಲ್‌ನ ಸರ್ಕಾರಿ ಕ್ವಾರ್ಟರ್ಸಿನಲ್ಲಿ. ತಂದೆ ಜೂನಿನಲ್ಲಿ ನಿವೃತ್ತರಾಗುವವರಿದ್ದರು. ಆಮೇಲೆ ಮನೆ ಬಿಡಬೇಕು. ನಮ್ಮ ಕಂಪನಿ ಖಾಯಂ ಆದವರಿಗೆ ತಾನೇ ಬಾಡಿಗೆ ಮನೆ ಹಿಡಿದುಕೊಡುತ್ತಿತ್ತು. ಅವರು ಖಾಯಂ ಆಗುವುದು ಮೇ ತಿಂಗಳಿಗೆ. ಆ ಮನೆಯವರೆಲ್ಲ ಖಾಯಂ ಮಾಡುವ ಅದೊಂದು ಪತ್ರವನ್ನೇ ನೆಚ್ಚಿ ಕೂತಿದ್ದರು.

ಏಪ್ರಿಲಿನಲ್ಲಿ ಅವರ ಪ್ರೋಗ್ರಾಮ್ ನಡುವೆಯೇ ನಿಂತುಹೋಗತೊಡಗಿತು. ಗುಂಪಿಗೊಂದು ಪ್ರಶ್ನೆ ಬರೆದು, ಕೆಳಗೆ ನಲವತ್ತು ಸಾಲು ಕೋಡ್ ಸೇರಿಸಿ ತಂದರು. ನಾನು ಎರಡು ವಾಕ್ಯ ತಿದ್ದಿ ಸಹಿ ಹಾಕಿದೆ. ಕೋಡಿನ ತಲೆಯಲ್ಲಿ ನಾಲ್ಕು ಸಾಲು ಟಿಪ್ಪಣಿ ಇತ್ತು. ಇಂಥ ಸಾಲುಗಳನ್ನು ಮನುಷ್ಯರಿಗಾಗಿ ಬರೆಯುತ್ತಾರೆ. ಯಂತ್ರ ಅವನ್ನು ದಾಟಿಕೊಂಡು ಹೋಗುತ್ತದೆ. ಅದೇ ಫೈಲನ್ನು ತಿಂಗಳುಗಟ್ಟಲೆ ತೆರೆದು ಮುಚ್ಚಿದ ಪ್ರೋಗ್ರಾಮರ್‌ನ ಕಣ್ಣೂ ದಾಟಿಕೊಂಡೇ ಹೋಗುತ್ತದೆ. ಆ ನಾಲ್ಕು ಸಾಲುಗಳಲ್ಲಿ ವಿದೇಶದ ಕ್ಲೈಂಟಿನ ಹೆಸರಿತ್ತು, ಇದು ಗೋಪ್ಯ ಎಂಬ ಮಾತೂ ಇತ್ತು.

ಮೂರನೆಯ ದಿನ ಉತ್ತರ ಬಂತು. ಪರಿಹಾರ ಸರಿಯಾಗಿತ್ತು. ಬರೆದಾತ ನಮ್ಮ ಪ್ರಶ್ನೆಯನ್ನು ಕೋಡಿನ ಸಮೇತ ಮೊದಲಿಂದ ಕೊನೆಯವರೆಗೆ ಎತ್ತಿ ಬರೆದು, ಅದರ ಕೆಳಗೆ ಉತ್ತರಿಸಿದ್ದ. ಖುಷಿಯಿಂದ ಓದತೊಡಗಿದ ಹುಡುಗಿ ಹಾಳೆಯ ನಡುವೆ ನಿಂತರು. "ಸರ್, ಇದರಾಗ ಕ್ಲೈಂಟಿನ ಹೆಸರು ಐತ್ರಿ" ಎಂದರು.

ಅಂದೇ ಸಂಜೆ ನಮ್ಮ ಬರಹವನ್ನು ಅಳಿಸುವ ಆದೇಶ ಕಳಿಸಿದೆವು. ಅದರಿಂದ ನಮ್ಮದು ಅಳಿಯಬಹುದಿತ್ತು. ಆತನ ಉತ್ತರ ಆತನದು, ಅದನ್ನು ಮುಟ್ಟುವ ಅಧಿಕಾರ ನಮಗಿರಲಿಲ್ಲ. ವಾರದೊಳಗೆ ಕ್ಲೈಂಟಿನ ಫ್ಯಾಕ್ಸ್ ಬಂತು. ಹೀಗೆ ಹೇಗಾಯಿತೆಂದು ಲಿಖಿತ ವಿವರಣೆ ಬೇಕೆಂದಿದ್ದರು.

ಮ್ಯಾನೇಜರ್ ನನ್ನನ್ನು ಕರೆಸಿ ಬಾಗಿಲು ಹಾಕಿದರು. ಸಹಿ ಹಾಕುವ ಮುಂಚೆ ಓದಿದ್ದಿರಾ ಎಂದು ಕೇಳಲಿಲ್ಲ. ಎರಡನೆಯವನೂ ಓದಿಲ್ಲವೆಂದರೆ ನಮ್ಮ ನಿಯಮವೇ ಪೊಳ್ಳೆಂದಾಗುತ್ತದೆ, ಒಬ್ಬಳು ಮಾತು ಕೇಳಲಿಲ್ಲವೆಂದರೆ ಅದು ಒಬ್ಬಳ ತಪ್ಪಷ್ಟೇ ಎಂದು ವಿವರಿಸಿದರು. ಹೆಸರು ತೆಗೆಯಲು ನೀವು ಹೇಳಿಯೇ ಇರುತ್ತೀರಿ ಎಂದೂ ಸೇರಿಸಿದರು. ನಾನು ಹೊರಗೆ ಬಂದು ಕ್ಲೈಂಟಿಗೆ ಕಳಿಸುವ ವರದಿ ಟೈಪ್ ಮಾಡಿದೆ. ಹೆಸರನ್ನು ತೆಗೆಯಲು ಹಿರಿಯ ಸಹೋದ್ಯೋಗಿ ಸೂಚಿಸಿದ್ದರೂ, ತರಬೇತಿಯ ಉದ್ಯೋಗಿ ಅದನ್ನು ಪಾಲಿಸಲಿಲ್ಲ ಎಂಬ ವಾಕ್ಯವನ್ನು ನಾನೇ ರಚಿಸಿದೆ.

ಹುಡುಗಿಯ ಸಹಿಗೆಂದು ಅದನ್ನು ಅವರ ಟೇಬಲಿಗೆ ಒಯ್ದೆ. ಅವರು ಎರಡು ಸಲ ಓದಿದರು.

"ತೆಗಿ ಅಂತ ನೀವು ನನಗ ಯಾವಾಗ ಹೇಳಿದ್ರಿ, ಸರ್?"

ಹೇಳಿರಲಿಲ್ಲ, ಹಾಳೆಯ ಕೆಳಗಿನ ಭಾಗವನ್ನು ಓದಿಯೇ ಇರಲಿಲ್ಲ ಎಂದೆ.

"ಮತ್ತ ಇದನ್ನ ಟೈಪ್ ಮಾಡಿದವರು ಯಾರ್ರಿ?"

ನಾನು ಎಂದೆ.

ಅವರ ದನಿ ಏರಲಿಲ್ಲ. "ತಪ್ಪು ನಂದ ಐತಿ. ಅದಕ್ಕ ಸೈನ್ ಮಾಡ್ತೀನಿ. ಈ ಒಂದ ಲೈನ್ ತೆಗೀರಿ, ಈಗ ಇಲ್ಲೇ ಮಾಡಿ ಕೊಡ್ತೀನಿ. ಅಸಲಿ ತಪ್ಪು ಇರೋವಾಗ ಸುಳ್ಳು ಯಾಕ ಬೇಕು?"

ಆಕೆ ಸಹಿ ಮಾಡುತ್ತಿಲ್ಲ ಎಂದು ಮ್ಯಾನೇಜರಿಗೆ ತಿಳಿಸಿದೆ. ಏಕೆ ಎಂಬುದನ್ನು ತಿಳಿಸಲಿಲ್ಲ. ಸಹಿ ಬೇಡ, ಕಳಿಸಿಬಿಡಿ ಎಂದರು. ವರದಿಯನ್ನು ಅಂದಿನ ಪತ್ರಗಳ ಜೊತೆ ಸೇರಿಸಿದೆ. ಐದಕ್ಕೆ ಮೋಡೆಮ್ ಡಯಲ್ ಮಾಡುವ ಸದ್ದು ಇಡೀ ಹಾಲಿಗೆ ಕೇಳುತ್ತಿತ್ತು. ಹುಡುಗಿ ಕುಳಿತು ಕೇಳಿಸಿಕೊಂಡರು. ಅದು ನಿಂತ ಮೇಲೆ ಬ್ಯಾಗು ಹೆಗಲಿಗೆ ಹಾಕಿಕೊಂಡು ಸ್ಟೇಷನ್ನಿಗೆ ಹೊರಟರು.

ಚರ್ಚಾ ಗುಂಪುಗಳು ಎಲ್ಲರಿಗೂ ಬಂದ್ ಆದವು. ಅವುಗಳ ಪಾಸ್‌ವರ್ಡ್ ನನ್ನೊಬ್ಬನ ಬಳಿ ಉಳಿಯಿತು. ಪ್ರೋಗ್ರಾಮರ್‌ಗಳು ಕೆಲ ದಿನ ನನ್ನನ್ನು ಸೆನ್ಸಾರ್ ಸಾಹೇಬರು ಎಂದು ಕರೆದರು, ಆಮೇಲೆ ಅದನ್ನೂ ಬಿಟ್ಟರು.

ಮೇ ಕೊನೆಯ ವಾರ ಹುಡುಗಿಗೆ ಪತ್ರ ಬಂತು. ಖಾಯಂ ಮಾಡಿರಲಿಲ್ಲ, ತರಬೇತಿಯನ್ನು ಆರು ತಿಂಗಳು ಮುಂದುವರಿಸಿದ್ದರು. ಜೂನಿನ ಮನೆಯ ಮಾತು ಅಲ್ಲಿಗೆ ಮುಗಿಯಿತು. ಅವರು ಪತ್ರವನ್ನು ತಂದು ನನ್ನ ಕೀಬೋರ್ಡಿನ ಮೇಲಿಟ್ಟರು.

"ಇದನ್ನರ ಪೂರಾ ಓದ್ರಿ, ಸರ್."

ಓದಿದೆ. ಎರಡನೆಯ ಪ್ಯಾರಾದಲ್ಲಿ ಕಾರಣ ಕೊಟ್ಟಿದ್ದರು. ವಾಕ್ಯ ನನ್ನದೇ, ಅಲ್ಪವಿರಾಮವೂ ನಾನಿಟ್ಟಲ್ಲೇ ಇತ್ತು. ನಾನು ತಲೆಯೆತ್ತುವವರೆಗೆ ಅವರು ನಿಂತಿದ್ದರು, ನಂತರ ಪತ್ರ ತೆಗೆದುಕೊಂಡು ತಮ್ಮ ಟೇಬಲಿಗೆ ಹೋಗಿ ಕೆಲಸ ಮುಂದುವರಿಸಿದರು.